ಎಂತ ಇಲ್ಲ

ನಮ್ಮ ತಿಪಟೂರಿನ ಮನೆಯಲ್ಲಿ "ಏನಿಲ್ಲ" ಅಂದರೆ ಮಾತು ಶುರುವಾಯಿತು ಅಂತ ಅರ್ಥ. "ಏನಿಲ್ಲ ಕಣೆ, ಆ ಮೂಲೆಮನೆಯವಳು ಇದಾಳಲ್ಲ..." ಅಂತ ಅಮ್ಮ ಬಾಯಿ ತೆಗೆದರೆ ಮುಂದಿದ್ದ ಅವರೆಕಾಯಿ ರಾಶಿ ಸುಲಿದು ಮುಗಿಯುವ ತನಕ ನಿಲ್ಲುತ್ತಿರಲಿಲ್ಲ. ಅಪ್ಪ "ಏನಿಲ್ಲ ಬಿಡು" ಅಂದರೆ ಆವತ್ತು ಕೊಬ್ಬರಿ ರೇಟು ಬಿದ್ದಿದೆ, ಇನ್ನೈದು ನಿಮಿಷಕ್ಕೆ ಬೈಗುಳ, ಹತ್ತು ನಿಮಿಷಕ್ಕೆ ಕಣ್ಣೀರು, ಕಾಲು ಗಂಟೆಗೆ ಊಟಕ್ಕೆ ಬಡಿಸಿ ಅನ್ನುವ ಕೂಗು. ನಮ್ಮ ಮನೆಯಲ್ಲಿ ಯಾರ ಮನಸ್ಸಿನಲ್ಲಿ ಏನಿದೆ ಅನ್ನುವುದು ಬೀದಿಯವರಿಗೂ ಗೊತ್ತಿರುತ್ತಿತ್ತು.

ಸಾಗರದ ಕಡೆಯವನನ್ನು ಮದುವೆಯಾದೆ. ಅಲ್ಲಿ ಇದೇ ಮಾತನ್ನು "ಎಂತ ಇಲ್ಲ" ಅಂತಾರೆ. ಅಂದ ಮೇಲೆ ಮುಗಿಯಿತು, ಅದರಾಚೆಗೆ ಏನೂ ಬರುವುದಿಲ್ಲ. ಕಿವಿಗೆ ಒಂದೇ ಥರ ಕೇಳಿಸುವ ಈ ಎರಡು ಮಾತು ಬೇರೆ ಬೇರೆ ಅಂತ ತಿಳಿಯುವುದಕ್ಕೆ ನನಗೆ ನಾಲ್ಕೈದು ವರ್ಷ ಬೇಕಾಯಿತು. ತಿಳಿದ ಮೇಲೂ ಒಪ್ಪಿಕೊಳ್ಳಲು ಇನ್ನೊಂದಿಷ್ಟು ವರ್ಷ.

ನಾವು ಸಿಕ್ಕಿದ್ದು 2011ರಲ್ಲಿ, ಬೆಂಗಳೂರಿನಲ್ಲಿ. ನಾನು ಆಡಿಟರ್ ಆಫೀಸೊಂದರಲ್ಲಿ ಕೆಲಸಕ್ಕಿದ್ದೆ, ಅವನು ನೀರಿನ ಪಂಪಿನ ಕಂಪನಿಯಲ್ಲಿ ಸರ್ವಿಸ್ ಇಂಜಿನಿಯರ್. ಅವರ ಕಂಪನಿಯ ಲೆಕ್ಕ ನೋಡಲು ಹೋದಾಗ ಅವನ ಪ್ರಯಾಣ ಭತ್ಯೆಯ ಬಿಲ್ಲುಗಳು ಮಾತ್ರ ತಾರೀಕಿನ ಪ್ರಕಾರ ಜೋಡಿಸಿ, ಪಿನ್ ಹೊಡೆದು, ಒಂದು ರೂಪಾಯಿ ಆಚೀಚೆ ಆಗದಂತೆ ಇದ್ದವು. ನಗಬೇಡಿ, ಲೆಕ್ಕದವರಿಗೆ ಪ್ರೀತಿ ಹೀಗೂ ಹುಟ್ಟುತ್ತದೆ. ಅವನ ಮೌನ ನನಗೆ ಆಳದಂತೆ ಕಂಡಿತ್ತು. ದಿನವಿಡೀ ಕೂಗಾಡುವ ಮನೆಯಿಂದ ಬಂದವಳಿಗೆ ಎದುರಿಗೆ ಕೂತು ಕಾಫಿ ಕುಡಿದು, ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಬಿಲ್ ಕೊಟ್ಟು, ಬಸ್ ಹತ್ತಿಸಿ ಹೋಗುವವನು ದೇವರಂತೆ ಕಾಣದೆ ಇನ್ನೇನು?

ಇನ್ನೊಂದು ಲೆಕ್ಕವೂ ಮನಸ್ಸಿನಲ್ಲಿತ್ತು. ನಮ್ಮ ಕಡೆ ಕೊಬ್ಬರಿ ಮಾಡುವುದು ಹೇಗೆ ಅಂದರೆ, ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿಬಿಡುತ್ತೇವೆ. ಒಡೆಯುವಂತಿಲ್ಲ, ಬಿಸಿಲಿಗೆ ಹಾಕುವಂತಿಲ್ಲ. ಹತ್ತು ಹನ್ನೊಂದು ತಿಂಗಳಲ್ಲಿ ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಗಿಟಕು ಉರುಳುವ ಸದ್ದು ಬರುತ್ತದೆ. ಅವಸರ ಮಾಡಿದವನಿಗೆ ಕೊಬ್ಬರಿ ಇಲ್ಲ. ಇವನೂ ಹಾಗೇ, ಕಾದರೆ ಬಿಡುತ್ತಾನೆ ಅಂದುಕೊಂಡೆ. 2013ರಲ್ಲಿ ಮದುವೆಯಾಯಿತು.

ಒಂದು ಸಲ ಬಿಟ್ಟಿದ್ದ ಕೂಡ. 2014ರ ಬೇಸಿಗೆಯಲ್ಲಿ ಸಿಗಂದೂರಿಗೆ ಹೋಗಿದ್ದೆವು. ಆಗ ಸೇತುವೆ ಇರಲಿಲ್ಲ. ಹೊಳೆಬಾಗಿಲಿನಲ್ಲಿ ಕಾರು, ಬಸ್ಸು, ಜನ ಎಲ್ಲವನ್ನೂ ಹೇರಿಕೊಂಡು ಲಾಂಚು ಶರಾವತಿ ಹಿನ್ನೀರು ದಾಟುತ್ತಿತ್ತು. ಕಂಬಿ ಹಿಡಿದು ನಿಂತವನು ಇದ್ದಕ್ಕಿದ್ದ ಹಾಗೆ ಮಾತು ಶುರು ಮಾಡಿದ. ಸಾಗರದ ಹಾಸ್ಟೆಲಿನಲ್ಲಿ ಓದುವಾಗ ರಾತ್ರಿ ಹೊದಿಕೆಯೊಳಗೆ ಅತ್ತಿದ್ದು, ಅಪ್ಪಯ್ಯ ನೋಡಲು ಬಂದಾಗ ಫೀಸಿನ ವಿಷಯ ಮಾತ್ರ ಮಾತಾಡಿ ಹೋಗಿದ್ದು, ಹೋಗುವಾಗ ಕೈಗೆ ಎರಡು ರೂಪಾಯಿ ಕೊಟ್ಟಿದ್ದು, ಆ ನೋಟನ್ನು ಇವನು ಖರ್ಚು ಮಾಡದೆ ಪುಸ್ತಕದೊಳಗೆ ಇಟ್ಟುಕೊಂಡಿದ್ದು. ಆಚೆ ದಡ ಬಂತು. "ಇಳಿ, ಕಾರು ತೆಗೀಬೇಕು" ಅಂದ. ಅಷ್ಟೆ.

ಆ ಇಪ್ಪತ್ತು ನಿಮಿಷದಲ್ಲಿ ನಾನು ಎಷ್ಟು ವರ್ಷ ಬದುಕಿದೆ ಅಂದರೆ ಈಗ ನೆನೆದರೆ ನಾಚಿಕೆಯಾಗುತ್ತದೆ.

2016ರಲ್ಲಿ ಹನ್ನೊಂದನೇ ವಾರಕ್ಕೆ ಗರ್ಭ ನಿಲ್ಲಲಿಲ್ಲ. ಅವನು ಮಾಡಬೇಕಾದ್ದರಲ್ಲಿ ಒಂದನ್ನೂ ಬಿಡಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದ, ಬಿಲ್ ಕಟ್ಟಿದ, ಒಂದು ವಾರ ರಜೆ ಹಾಕಿದ, ಗಂಜಿ ಮಾಡಿದ, ಚಾದರ ಒಗೆದ. ಮೂರನೇ ರಾತ್ರಿ ನಾನು ತಡೆಯಲಾರದೆ ಜೋರಾಗಿ ಅತ್ತೆ. ಅವನು ಎದ್ದು ಕೂತ. ಸ್ವಲ್ಪ ಹೊತ್ತು ನನ್ನ ಬೆನ್ನ ಮೇಲೆ ಕೈ ಇಟ್ಟಿದ್ದ. ಆಮೇಲೆ ಎದ್ದು ಹೋದ. ಬಚ್ಚಲಿನಲ್ಲಿ ಸದ್ದು ಕೇಳಿ ಹೋಗಿ ನೋಡಿದರೆ, ರಾತ್ರಿ ಎರಡು ಗಂಟೆಯಲ್ಲಿ ಶವರ್ ಬಿಚ್ಚಿ, ವಿನೆಗರ್‌ನಲ್ಲಿ ಅದ್ದಿ, ಒಂದೊಂದೇ ತೂತಿಗೆ ಪಿನ್ನು ಹಾಕಿ ಬೋರ್‌ವೆಲ್ ನೀರಿನ ಸುಣ್ಣ ಕೆರೆಯುತ್ತಾ ಕೂತಿದ್ದ.

"ಏನ್ ಮಾಡ್ತಿದೀಯ?"

"ಎಂತ ಇಲ್ಲ. ಕಟ್ಟಿಕೊಂಡಿತ್ತು."

ಇದನ್ನು ಗೆಳತಿಯರಿಗೆ ಹೇಳಿದರೆ ಅರ್ಧ ಜನ "ಪಾಪ" ಅಂದರು, ಇನ್ನರ್ಧ "ಕಲ್ಲು" ಅಂದರು. ನನಗೆ ಎರಡೂ ಸರಿ ಕಂಡಿತು. ಅಮ್ಮನಿಗೆ ಹೇಳಿದೆ. ಅವಳ ಉತ್ತರ ಇವತ್ತಿಗೂ ಕಿವಿಯಲ್ಲಿದೆ: "ಕುಡಿಯಲ್ಲ, ಹೊಡೆಯಲ್ಲ, ಸಂಬಳ ತಂದು ಕೈಗೆ ಕೊಡ್ತಾನೆ. ಇನ್ನೇನು ಬೇಕೇ ನಿಂಗೆ?" ಇಲ್ಲಿಯೇ ಎಲ್ಲರೂ ಎಡವುವುದು. ಹೊಡೆದರೆ ಅದಕ್ಕೊಂದು ಹೆಸರಿದೆ, ಕುಡಿದರೆ ಹೆಸರಿದೆ, ಪಂಚಾಯಿತಿಗೆ ಕೂರಿಸಬಹುದು. "ನನ್ನ ಗಂಡ ನನ್ನ ಪಕ್ಕದಲ್ಲೇ ಇದ್ದಾನೆ, ಆದರೆ ಸಿಗುವುದಿಲ್ಲ" ಅಂತ ಯಾವ ಪಂಚಾಯಿತಿಯಲ್ಲಿ ಹೇಳುವುದು? ಫೋನು ಮಾಡಿದಾಗ ಹೇಳುತ್ತದಲ್ಲ, ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಅಂತ, ಅದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ.

2018ರಲ್ಲಿ ಮಗಳು ಹುಟ್ಟಿದಳು. ಅವಳ ಮೊದಲ ಎರಡು ಮೂರು ವರ್ಷ ನನಗೆ ಬೇರೆ ಯೋಚನೆಗೆ ಪುರುಸೊತ್ತಿರಲಿಲ್ಲ, ಅದರ ಬಗ್ಗೆ ಬರೆಯುವಂಥದ್ದೂ ಇಲ್ಲ.

2022ರ ಜುಲೈಯಲ್ಲಿ ನನಗೇ ಒಂದು ಅನುಮಾನ ಬಂತು. ನಾನು ಸುಮ್ಮನೆ ದೊಡ್ಡದು ಮಾಡುತ್ತಿದ್ದೇನಾ? ಅನುಮಾನ ಬಂದರೆ ವೋಚರ್ ನೋಡುವುದು ನಮ್ಮ ಕಸುಬು. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದೆ: ತಾರೀಕು, ನಾನು ಕೇಳಿದ್ದು, ಅವನು ಹೇಳಿದ್ದು, ಎಷ್ಟು ನಿಮಿಷ. ಮೂರು ತಿಂಗಳು ಬರೆದೆ. ಸೆಪ್ಟೆಂಬರ್ 30ಕ್ಕೆ ಕೂಡಿದಾಗ ನಾನು 71 ಸಲ "ಏನಾಯ್ತು", "ಏನು ಯೋಚನೆ", "ಬೇಜಾರಾ" ಅಂತ ಕೇಳಿದ್ದೆ. "ಎಂತ ಇಲ್ಲ" 48. "ಸುಸ್ತು" 14. "ಆಮೇಲೆ ಹೇಳ್ತೇನೆ" 6. ನಿಜವಾಗಿ ಏನಾದರೂ ಹೇಳಿದ್ದು 3 ಸಲ. ಆ ಮೂರರಲ್ಲಿ ಒಂದು ಸಲ ಹನ್ನೆರಡು ನಿಮಿಷ ಮಾತಾಡಿದ್ದ, ಅದರ ಪಕ್ಕ ನಾನು ನಕ್ಷತ್ರ ಬರೆದಿದ್ದೆ.

ಆ ನಕ್ಷತ್ರವೇ ಕಾಯಿಲೆ ಅಂತ ಗೊತ್ತಾಗಿದ್ದು ಆಮೇಲೆ.

2023ರ ಜನವರಿಯಲ್ಲಿ ಒಂದು ರಾತ್ರಿ, ಮಗಳು ಮಲಗಿದ ಮೇಲೆ, ಅಡುಗೆಮನೆಯಲ್ಲಿ ಕೂತು 14416ಕ್ಕೆ ಫೋನು ಮಾಡಿದೆ. ಟೆಲಿಮಾನಸ್ ಅನ್ನುವ ಸರ್ಕಾರದ ಸಹಾಯವಾಣಿ ಅದು, 2022ರ ಅಕ್ಟೋಬರ್‌ನಲ್ಲಿ ಶುರುವಾಗಿತ್ತು, ನಿಮ್ಹಾನ್ಸ್‌ನವರ ಮೇಲುಸ್ತುವಾರಿ ಅಂತ ಪೇಪರಿನಲ್ಲಿ ಓದಿದ್ದೆ. ಪುಕ್ಕಟೆ, ಕನ್ನಡದಲ್ಲೇ ಮಾತಾಡಿದರು. "ಯಾರಿಗೆ ತೊಂದರೆ ಇರೋದಮ್ಮ?" ಅಂತ ಆ ಕಡೆಯ ಹೆಣ್ಣುಮಗಳು ಕೇಳಿದಾಗ "ನಮ್ಮನೆಯವರಿಗೆ" ಅಂತ ಹೇಳಲು ಹೋಗಿ ಬಾಯಿಂದ "ನಂಗೆ" ಅಂತ ಬಂತು. ಎದುರಿಗೆ ಕೂತು ಮಾತಾಡುವ ಆಪ್ತಸಲಹೆಗಾರರನ್ನು ನೋಡಿ ಅಂದರು. ಹುಡುಕಲು ಇನ್ನೊಂದು ತಿಂಗಳು ಹಿಡಿಯಿತು. ಮೊದಲು ಹೋದ ಕಡೆ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಗಂಡಸರೇ ಹಾಗೆ" ಅಂದು ಸಾವಿರದ ಇನ್ನೂರು ತೆಗೆದುಕೊಂಡರು. ಆ ಮಾತು ಅಮ್ಮ ಪುಕ್ಕಟೆ ಹೇಳಿದ್ದಳು. ಎರಡನೆಯವರು ಜಯನಗರದ ಕಡೆ ಇದ್ದ, ಐವತ್ತು ದಾಟಿದ ಮೇಡಂ. ಅವರ ಹತ್ತಿರ ನಿಂತೆ.

ನಾನು ನೋಟ್‌ಬುಕ್ಕು ಹಿಡಿದುಕೊಂಡೇ ಹೋಗಿದ್ದೆ. ಜೊತೆಗೆ ಮೊಬೈಲಿನಲ್ಲಿ ನೋಡಿದ ಮೂವತ್ತು ಸೆಕೆಂಡಿನ ರೀಲ್ಸುಗಳ ಜ್ಞಾನ. "ಮೇಡಂ, ನನ್ನ ಗಂಡ ಅವಾಯ್ಡೆಂಟ್" ಅಂದೆ, ಅಂದರೆ ಹತ್ತಿರ ಹೋದಷ್ಟೂ ದೂರ ಸರಿಯುವ ಥರದವನು ಅಂತ. ಅವರು ನಕ್ಕು, "ಅವರನ್ನ ನಾನು ನೋಡಿಲ್ಲ. ನೋಡದೆ ಹೆಸರಿಡಲ್ಲ. ನಿಮ್ಮ ಬಗ್ಗೆ ಹೇಳಿ" ಅಂದರು.

ಮುಂದಿನ ಕೆಲವು ವಾರಗಳಲ್ಲಿ ಕಲಿತದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಅಮೆರಿಕದ ಬಾಲ್ಟಿಮೋರಿನಲ್ಲಿ ಮೇರಿ ಐನ್ಸ್‌ವರ್ತ್ ಅನ್ನುವ ಮನಶ್ಶಾಸ್ತ್ರಜ್ಞೆ ಒಂದು ವರ್ಷದ ಆಸುಪಾಸಿನ ಮಕ್ಕಳನ್ನು ಕೋಣೆಯಲ್ಲಿ ಬಿಟ್ಟು, ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸಿ, ವಾಪಸ್ ಬಂದಾಗ ಮಗು ಏನು ಮಾಡುತ್ತದೆ ಅಂತ ನೋಡಿದ್ದರಂತೆ. ಹೆಚ್ಚಿನವು ಅತ್ತು, ಅಮ್ಮ ಬಂದ ಕೂಡಲೇ ಕಂಕುಳಿಗೇರಿ, ಸಮಾಧಾನವಾಗಿ ಮತ್ತೆ ಆಟಕ್ಕೆ ಇಳಿದವು. ಕೆಲವು ಸಮಾಧಾನವೇ ಆಗಲಿಲ್ಲ, ಎತ್ತಿಕೊಂಡರೂ ಒದ್ದಾಡಿದವು. ಇನ್ನು ಕೆಲವು ಅಳಲೇ ಇಲ್ಲ. ಅಮ್ಮ ಬಂದರೂ ಆಟಿಕೆಯಿಂದ ಕಣ್ಣೆತ್ತಲಿಲ್ಲ. ಎಂಥ ಗಟ್ಟಿ ಮಗು ಅನ್ನಬೇಕು, ಹಾಗೆ. ಆಮೇಲೆ ಬೇರೆಯವರು ಅಂಥ ಮಕ್ಕಳ ಎದೆಬಡಿತ ಅಳೆದು ನೋಡಿದರೆ ಅವುಗಳ ಎದೆಯೂ ಅಳುವ ಮಕ್ಕಳಂತೆಯೇ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ಇದನ್ನು ಕೇಳಿದ ದಿನ ಬಸ್ಸಿನಲ್ಲಿ ಕೂತು ಶವರ್ ಕೆರೆಯುತ್ತಿದ್ದ ಆ ರಾತ್ರಿಯನ್ನು ಮತ್ತೆ ನೋಡಿದೆ. ಅವತ್ತು ಅವನ ಎದೆಯ ಮೇಲೆ ಕಿವಿ ಇಟ್ಟಿದ್ದರೆ ಏನು ಕೇಳಿಸುತ್ತಿತ್ತೋ.

ಹಾಗಂತ ಕರಗಿ ಮನೆಗೆ ಹೋಗಿ ಅವನನ್ನು ಅಪ್ಪಿಕೊಳ್ಳಲಿಲ್ಲ. ಮುಂದಿನ ವಾರ ಮೇಡಂ ನನ್ನ ನಕ್ಷತ್ರಕ್ಕೆ ಬಂದರು. ಸ್ಕಿನ್ನರ್ ಅನ್ನುವವರ ಪಾರಿವಾಳದ ಕಥೆ. ಗುಂಡಿ ಕುಟುಕಿದಾಗಲೆಲ್ಲ ಕಾಳು ಸಿಗುವ ಪಾರಿವಾಳ, ಕಾಳು ನಿಂತ ಮೇಲೆ ಕುಟುಕುವುದನ್ನು ಬೇಗ ಬಿಟ್ಟುಬಿಡುತ್ತದೆ. ಯಾವಾಗ ಸಿಗುತ್ತದೆ ಅಂತ ಗೊತ್ತಿಲ್ಲದೆ, ಅಪರೂಪಕ್ಕೆ ಒಮ್ಮೆ ಸಿಗುವ ಪಾರಿವಾಳ ಅಷ್ಟು ಬೇಗ ಬಿಡುವುದಿಲ್ಲ. ಜೂಜುಕಟ್ಟೆ ನಡೆಯುವುದೂ ಇದರ ಮೇಲೇ. "71ಕ್ಕೆ 3 ಸಿಕ್ಕಿದೆ ನಿಮಗೆ. ಸೊನ್ನೆ ಸಿಕ್ಕಿದ್ದರೆ 2014ರಲ್ಲೇ ಬಿಟ್ಟಿರ್ತಿದ್ರಿ" ಅಂದರು. ಲಾಂಚಿನ ಇಪ್ಪತ್ತು ನಿಮಿಷ ನೆನಪಾಗಿ ಸಿಟ್ಟು ಬಂತು. ಅವನ ಮೇಲಲ್ಲ, ಮೇಡಂ ಮೇಲೆ. ನನ್ನ ಬದುಕಿನ ಅತಿ ಒಳ್ಳೆಯ ಇಪ್ಪತ್ತು ನಿಮಿಷವನ್ನು ಇವರು ಕಾಳು ಅನ್ನುತ್ತಿದ್ದಾರಲ್ಲ ಅಂತ.

ನಿಜವಾಗಿ ನೋವಾಗಿದ್ದು ಐದನೇ ಕಾಲಂನಿಂದ. "ಅದೇ ಪುಸ್ತಕದಲ್ಲಿ ಇನ್ನೊಂದು ಕಾಲಂ ಎಳೀರಿ. ಪ್ರತಿ ಸಲ 'ಏನಾಯ್ತು' ಅಂತ ಕೇಳಿದಾಗ ನಿಮಗೆ ಏನಾಗಿತ್ತು ಅಂತ ಬರೀರಿ" ಅಂದರು. ಒಂದು ಭಾನುವಾರ ಕೂತೆ. 71 ಸಾಲು. ಆಗಸ್ಟ್ 9: ಆಫೀಸಿನಲ್ಲಿ ಬೈಸಿಕೊಂಡು ಬಂದಿದ್ದೆ. ಆಗಸ್ಟ್ 17: ಒಂಟಿ ಅನಿಸಿತ್ತು. ಸೆಪ್ಟೆಂಬರ್ 2: ಕಳೆದುಹೋದ ಮಗುವಿಗೆ ಇಷ್ಟೊತ್ತಿಗೆ ಆರು ವರ್ಷ ಆಗಿರುತ್ತಿತ್ತು ಅಂತ ಲೆಕ್ಕ ಹಾಕಿದ್ದೆ. ಇದರಲ್ಲಿ ಒಂದನ್ನೂ ಅವನಿಗೆ ಹೇಳಿರಲಿಲ್ಲ. ಅವನ ಮುಖ ನೋಡಿ "ಏನಾಯ್ತು ನಿಂಗೆ" ಅಂತ ಮಾತ್ರ ಕೇಳಿದ್ದೆ. ಮಾತಿನಮಲ್ಲಿ ಅಂತ ಹೆಸರಾದ ನಾನು ಮೂರು ತಿಂಗಳಲ್ಲಿ ನನ್ನ ಬಗ್ಗೆ ಒಂದು ಸಾಲು ಹೇಳಿರಲಿಲ್ಲ. ಪ್ರತಿ ರಾತ್ರಿ ಅವನನ್ನು ಆಡಿಟ್ ಮಾಡುತ್ತಿದ್ದೆ. ಆಡಿಟರ್ ಬಂದರೆ ಕಂಪನಿಯವರು ಎಷ್ಟು ಮಾತಾಡುತ್ತಾರೆ ಅಂತ ನನಗೆ ಗೊತ್ತಿಲ್ಲದ್ದೇ?

"ಹಾಗಾದ್ರೆ ತಪ್ಪೆಲ್ಲ ನಂದಾ?" ಅಂತ ಕೇಳಿದೆ. "ಯಾರು ಹಾಗಂದಿದ್ದು? ನೀವು ಅಟ್ಟಿಸಿಕೊಂಡು ಹೋಗ್ತೀರಿ, ಅವರು ಓಡ್ತಾರೆ. ಅವರು ಓಡೋದರಿಂದ ನೀವು ಅಟ್ಟಿಸಿಕೊಂಡು ಹೋಗ್ತೀರಿ. ಇದರಲ್ಲಿ ಮೊದಲು ಯಾರು ಅಂತ ಹುಡುಕಿದರೆ ಇಬ್ಬರ ಅಜ್ಜನ ಕಾಲಕ್ಕೆ ಹೋಗುತ್ತೆ" ಅಂದರು.

ಅಜ್ಜನ ಕಾಲಕ್ಕೆ ಹೋಗಿದ್ದೂ ಆಯಿತು. ಅದೇ ವರ್ಷ ಜೂನ್‌ನಲ್ಲಿ ಮಳೆ ತಡವಾಗಿ, ಲಿಂಗನಮಕ್ಕಿಯ ಹಿನ್ನೀರು ತುಂಬಾ ಇಳಿದಿತ್ತು. 1940ರ ದಶಕದಲ್ಲಿ ಕಟ್ಟಿದ್ದ ಮಡೆನೂರಿನ ಹಳೇ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ ಆದ ಮೇಲೆ ಅದರ ನೀರಿನಲ್ಲೇ ಮುಳುಗಿಹೋದದ್ದು, ಮೇಲೆ ಕಾಣಿಸಿಕೊಂಡು ಜನ ಜಾತ್ರೆಯಂತೆ ನೋಡಲು ಹೋಗುತ್ತಿದ್ದರು. ಮಾವನಿಗೂ ಹೋಗಬೇಕು ಅನಿಸಿತ್ತು. ಅವರದು ಮುಳುಗಡೆಯ ಮನೆ. ಊರು ಬಿಟ್ಟಾಗ ಅವರಿಗೆ ಹತ್ತು ವರ್ಷ. ಮುಳುಗಡೆಯವರಿಗೆ ಕೊಟ್ಟ ಜಮೀನಿನ ಹಕ್ಕುಪತ್ರದ ತಕರಾರು ಇಷ್ಟು ವರ್ಷವಾದರೂ ಬಗೆಹರಿಯದೆ ಉಳಿದದ್ದು ಶಿವಮೊಗ್ಗ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಮಾವನ ಬೀರುವಿನಲ್ಲಿ ಅದರದೇ ಒಂದು ಫೈಲಿದೆ. ಸರ್ವೆ ನಂಬರು, ಗುಂಟೆ, ಯಾವ ವರ್ಷ ಯಾವ ಕಚೇರಿಗೆ ಅರ್ಜಿ, ಎಲ್ಲ ಬಾಯಿಪಾಠ. ಅದರ ಬಗ್ಗೆ ಕೇಳಿದರೆ ಊಟದ ಹೊತ್ತು ಮೀರುವ ತನಕ ಮಾತಾಡುತ್ತಾರೆ. ಆ ಮನೆ ಹೇಗಿತ್ತು ಅಂತ ಕೇಳಿದರೆ, "ಇತ್ತು, ಹಂಚಿನದ್ದು."

ಅಂದು ಒಣಗಿ ಬಿರಿದ ಕೆಸರಿನ ಮೇಲೆ ನಾವು ನಡೆದೆವು. ಸತ್ತ ಮರದ ಬೊಡ್ಡೆಗಳು ಅಲ್ಲಲ್ಲಿ ಹಾಗೇ ನಿಂತಿದ್ದವು. ಮಾವ ಒಂದು ಕಡೆ ನಿಂತು, ಕೈ ಬೆನ್ನಿಗೆ ಕಟ್ಟಿ, ತುಂಬಾ ಹೊತ್ತು ನೋಡಿದರು. "ಆ ಕಡೆ ಒಂದು ಹಲಸಿನ ಮರ ಇತ್ತು" ಅಂದರು. ಬಕ್ಕೆಯೋ ಬಿಳುವೋ, ಅಂದರೆ ತೊಳೆ ಗಟ್ಟಿಯದೋ ಮೆತ್ತನೆಯದೋ, ಅಂತ ಅತ್ತೆ ಕೇಳಿದರು. ಮಾವ ಉತ್ತರ ಕೊಡಲಿಲ್ಲ. ವಾಪಸ್ ಬರುವಾಗ ಜೀಪಿನಲ್ಲಿ ಯಾರೂ ಮಾತಾಡಲಿಲ್ಲ. ರಾತ್ರಿ ಇವನು ಕತ್ತಲಲ್ಲಿ, "ಅಪ್ಪಯ್ಯ ಆ ಮರದ ಸುದ್ದಿ ಇಷ್ಟು ವರ್ಷದಲ್ಲಿ ಇವತ್ತೇ ಹೇಳಿದ್ದು" ಅಂದ. ನಾನು ಏನೂ ಕೇಳಲಿಲ್ಲ. ಕೇಳದೆ ಇದ್ದಿದ್ದಕ್ಕೆ ಇನ್ನೂ ಒಂದು ವಾಕ್ಯ ಬಂತು: "ನಂಗೂ ಅಂಥದ್ದು ಇರಬಹುದು. ಗೊತ್ತಿಲ್ಲ."

ಇಲ್ಲಿಗೆ ಬಂದರೆ ಮುಳುಗಿದ ಮನೆ, ಮುಳುಗಿದ ಮನಸ್ಸು ಅಂತ ಉಪಮೆ ತಾನಾಗಿ ಬಂದು ಕೂರುತ್ತದೆ. ನಾನೂ ಕೆಲವು ತಿಂಗಳು ಅದನ್ನೇ ನಂಬಿಕೊಂಡು ಸುಖಪಟ್ಟೆ. ಆದರೆ ಇವನಿಗೆ ಒಬ್ಬಳು ಅಕ್ಕ ಇದ್ದಾಳೆ, ಅದೇ ಅಪ್ಪ, ಅದೇ ಮನೆ, ಅದೇ ಫೈಲು. ಅವಳು ಮಾತಿಗೆ ನಿಂತರೆ ಆಗುಂಬೆ ಮಳೆ. ಹಾಗಾಗಿ ಲಿಂಗನಮಕ್ಕಿಯ ಮೇಲೆ ಎಲ್ಲವನ್ನೂ ಹೊರಿಸುವುದು ಬೇಡ. ಮೇಲಾಗಿ, ಊಟ ಯಾಕಿಲ್ಲ ಅಂತ ಗೊತ್ತಾದರೆ ಹಸಿವು ಹೋಗುವುದಿಲ್ಲ. ಕಾರಣ ಹುಡುಕುತ್ತಾ ಕೂತಿರುವುದೂ ಒಂದು ಥರದ ಕಾಯುವಿಕೆಯೇ ಆಗಿತ್ತು ನನಗೆ.

ಆ ವರ್ಷದ ಕೊನೆಗೆ ಅವನೂ ಮೇಡಂ ಹತ್ತಿರ ಬಂದ. ನಾನು ಬೇಡಿಕೊಂಡಿದ್ದರಿಂದಲ್ಲ, ಬೇಡುವುದನ್ನು ನಿಲ್ಲಿಸಿ, "ನಾನು ಗುರುವಾರ ಗುರುವಾರ ಹೋಗ್ತೀನಿ, ಹೋದಾಗ 2016ರ ವಿಷಯ ಅಳ್ತೀನಿ" ಅಂತ ಮೊದಲ ಸಲ ನನ್ನ ಸುದ್ದಿ ಹೇಳಿದ್ದರಿಂದ. ಆರು ಸಲ ಬಂದ. ಮೊದಲ ಸಲ ಕುರ್ಚಿಯ ತುದಿಯಲ್ಲಿ ಕೂತು, ಕಾರಿನ ಕೀಲಿ ಕೈಯಲ್ಲಿಯೇ ಹಿಡಿದುಕೊಂಡಿದ್ದ.

ಮೇಡಂ ಅವನಿಗೆ "ಏನನ್ನಿಸುತ್ತೆ" ಅಂತ ಕೇಳಲೇ ಇಲ್ಲ. "ಇವರು ಅಳೋಕೆ ಶುರು ಮಾಡಿದಾಗ ಮೈಯಲ್ಲಿ ಎಲ್ಲಿ ಏನಾಗುತ್ತೆ?" ಅಂತ ಕೇಳಿದರು. ಅದಕ್ಕೆ ಇವನ ಹತ್ತಿರ ಉತ್ತರ ಇತ್ತು! "ಹೊಟ್ಟೆ ಗಟ್ಟಿ ಆಗ್ತದೆ. ಕಿವಿ ಬಿಸಿ ಆಗ್ತದೆ. ಎಂತೋ ರಿಪೇರಿ ಮಾಡಬೇಕು ಅನಿಸ್ತದೆ. ಆದರೆ ಎಲ್ಲಿ ಹಾಳಾಗಿದೆ ಅಂತ ಕಾಣೋದಿಲ್ಲ." ಹತ್ತು ವರ್ಷ ಜೊತೆಗಿದ್ದು ನಾನು ಈ ಪ್ರಶ್ನೆಯನ್ನು ಹೀಗೆ ಕೇಳಿರಲಿಲ್ಲ. ಭಾವನೆಯನ್ನು ಮಾತಿನಲ್ಲಿ ಹೇಳಲು ಬರದವರಿಗೆ ಮೊದಲು ಮೈಯ ಭಾಷೆ ಕೊಡಬೇಕಂತೆ.

ಜಗಳದ ಮಧ್ಯೆ ಗೋಡೆಯಂತೆ ಆಗಿಬಿಡುವವರ ಬಗ್ಗೆಯೂ ಅವತ್ತು ಹೇಳಿದರು. ಜಾನ್ ಗಾಟ್‌ಮನ್ ಅನ್ನುವ ಅಮೆರಿಕದ ಸಂಶೋಧಕ ದಂಪತಿಗಳನ್ನು ಕೂರಿಸಿ, ಮಾತಾಡಿಸಿ, ನಾಡಿ ಅಳೆದು ನೋಡಿದವರು. ಹೊರಗೆ ಕಲ್ಲಿನಂತೆ ಕೂತವರ ನಾಡಿ ನಿಮಿಷಕ್ಕೆ ನೂರು ದಾಟಿರುತ್ತದೆ, ಆ ಸ್ಥಿತಿಯಲ್ಲಿ ಎದುರಿನವರ ಮಾತು ತಲೆಗೆ ಹೋಗುವುದೇ ಇಲ್ಲ, ಇಳಿಯಲು ಕನಿಷ್ಠ ಇಪ್ಪತ್ತು ನಿಮಿಷ ಬೇಕು. ಹಾಗಾಗಿ ನಿಯಮ: ಎದ್ದು ಹೋಗಬಹುದು, ಆದರೆ ವಾಪಸ್ ಬರುತ್ತೇನೆ ಅಂತ ಹೇಳಿ ಹೋಗಬೇಕು, ಹೇಳಿದ ಹೊತ್ತಿಗೆ ಬರಬೇಕು. ಮೊದಲ ಸಲ ಪ್ರಯೋಗವಾದದ್ದು ಮಗಳ ಸ್ಕೂಲು ಬದಲಿಸುವ ಜಗಳದಲ್ಲಿ. ಇಡ್ಲಿಗೆ ಇಡುವ ಟೈಮರ್ ತಿರುಗಿಸಿಟ್ಟು ಮಹಡಿಗೆ ಹೋದ. ನಾನು ಸೋಫಾದಲ್ಲಿ ಕೂತು ಅದರ ಟಿಕ್‌ಟಿಕ್ ಕೇಳುತ್ತಿದ್ದೆ. ಅಟ್ಟಿಸಿಕೊಂಡು ಹೋಗದೆ ಕೂತಿರುವುದು ನನ್ನ ಪಾಲಿನ ಪಾಠ, ಮತ್ತು ಅದು ಸುಲಭವಿರಲಿಲ್ಲ. ಗಂಟೆ ಹೊಡೆಯಿತು. ಮೆಟ್ಟಿಲಿಳಿದು ಬಂದ. ಎದುರಿಗೆ ಕೂತು "ಬಂದೆ" ಅಂದ. ಬೇರೇನೂ ಹೇಳಲಿಲ್ಲ. ನಾನು ಅತ್ತೆ, ಅವನು ಏಳಲಿಲ್ಲ.

ಆರನೇ ಸಲ ಮೇಡಂ 2016ರ ಬಗ್ಗೆ ಕೇಳಿದರು. ತುಂಬಾ ಹೊತ್ತು ಕೀಲಿ ತಿರುಗಿಸಿದ. ಆಮೇಲೆ "ಎಂತ ಇಲ್ಲ" ಅಂದ. ಏಳನೇ ಸಲಕ್ಕೆ ಬರಲಿಲ್ಲ. "ಸಾಕು ಅನಿಸ್ತದೆ ನಂಗೆ" ಅಂದ. ಒತ್ತಾಯ ಮಾಡಬೇಡಿ ಅಂದರು ಮೇಡಂ, ಮಾಡಲಿಲ್ಲ. ನಾನು ಹೋಗುತ್ತಿದ್ದೆ. ಟೈಮರ್ ಕೆಲವು ತಿಂಗಳು ನಡೆಯಿತು, ಆಮೇಲೆ ಇಡ್ಲಿಗೆ ಮಾತ್ರ ಉಳಿಯಿತು.

ಹೀಗೇ ಹೋಗಿಬಿಡುತ್ತಿತ್ತೇನೋ. ಎಷ್ಟೋ ಮದುವೆಗಳು ಹೋಗುತ್ತವೆ. 2025ರ ಫೆಬ್ರವರಿಯಲ್ಲಿ ಒಂದು ಸಂಜೆ ಮಗಳು ಸ್ಕೂಲಿನಿಂದ ಬಂದು ಬ್ಯಾಗು ಇಟ್ಟು ಕಿಟಕಿಯ ಹತ್ತಿರ ಕೂತಳು. ಕೆನ್ನೆಯ ಮೇಲೆ ಒಣಗಿದ ಕಣ್ಣೀರಿನ ಗೆರೆ. "ಏನಾಯ್ತು ಪುಟ್ಟಿ?" ಅಂದೆ. ಬೆಂಗಳೂರಿನಲ್ಲಿ ಹುಟ್ಟಿ, ನನ್ನ ಹಾಗೆ "ಆಗುತ್ತೆ, ಹೋಗುತ್ತೆ" ಅಂತ ಮಾತಾಡುವ ಮಗು ಮುಖ ತಿರುಗಿಸಿ ಹೇಳಿತು: "ಎಂತ ಇಲ್ಲ."

ಅದೇ ರಾಗ, ಅದೇ ನಿಲುಗಡೆ.

ಮೇ ತಿಂಗಳಲ್ಲಿ ಮಗಳ ಜೊತೆ ಬೇರೆ ಮನೆಗೆ ಬಂದೆ. ನಮ್ಮ ಮನೆಯಿಂದ ನಡೆದರೆ ಹತ್ತು ನಿಮಿಷ. ಜಗಳ ಆಡಿ ಬಂದದ್ದಲ್ಲ. ಅವನಿಗೆ ಎದುರು ಕೂತು ಹೇಳಿದೆ: ನಿನ್ನ ಮೇಲೆ ಪ್ರೀತಿ ಇದೆ, ಆದರೆ ದಿನಾ ಬಾಗಿಲು ಬಡಿದು ಬಡಿದು ನನ್ನ ಕೈ ನೋಯ್ತಿದೆ, ಮಗಳು ಬಡಿಯುವುದನ್ನೂ ಕಲೀತಾಳೆ, ಬಾಗಿಲು ಹಾಕುವುದನ್ನೂ ಕಲೀತಾಳೆ, ಎರಡೂ ಬೇಡ. ಅವನು ಕೇಳಿದ. ಮುಖ ಬಿಳಿಚಿಕೊಂಡಿತ್ತು. ಆಮೇಲೆ ಬಾಡಿಗೆ ಮನೆಯ ಗೀಸರ್ ಹಾಕಿಕೊಟ್ಟು, ಅಡುಗೆಮನೆಯ ಸೋರುವ ನಲ್ಲಿಗೆ ವಾಷರ್ ಬದಲಿಸಿ ಹೋದ. ಅಮ್ಮ ಫೋನಿನಲ್ಲಿ ಒಂದು ಗಂಟೆ ಅತ್ತಳು. ಅತ್ತೆ ಮಾತ್ರ ನನಗೆ ಅಚ್ಚರಿ ಹುಟ್ಟಿಸಿದರು. "ನಾನೂ ಹೋಗಬೇಕು ಅಂದ್ಕೊಂಡಿದ್ದೆ ಮಾರಾಯ್ತಿ, ಎಲ್ಲಿಗೆ ಅಂತ ಗೊತ್ತಿರಲಿಲ್ಲ" ಅಂದರು. ಐವತ್ತು ವರ್ಷದ ಸಂಸಾರದ ಮಾತು ಅದು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ನನ್ನ ಹತ್ತಿರ ಕೇಳಿದ ಇಬ್ಬರು ಹೆಂಗಸರ ಕಥೆ ಬೇರೆ ಇತ್ತು. ಮಾತು ಬರದೆ ಸುಮ್ಮನಿರುವುದು ಬೇರೆ, ಶಿಕ್ಷೆ ಕೊಡಲು ವಾರಗಟ್ಟಲೆ ಮಾತು ಬಿಡುವುದು ಬೇರೆ. ಎರಡನೆಯದರಲ್ಲಿ ಅವನು ಬೇರೆ ಎಲ್ಲರ ಹತ್ತಿರ ನಗುತ್ತಾ ಮಾತಾಡುತ್ತಿರುತ್ತಾನೆ, ನೀವು ಕಾಲು ಹಿಡಿದ ಮೇಲೆ ನಿಮ್ಮ ಹತ್ತಿರವೂ ಆಡುತ್ತಾನೆ. ಅಂಥಲ್ಲಿ ಟೈಮರ್, ನೋಟ್‌ಬುಕ್ಕು ಅಂತ ಕೂರಬೇಡಿ.

ಬಾಡಿಗೆ ಕರಾರು 11 ತಿಂಗಳದ್ದು. ಬೆಂಗಳೂರಿನಲ್ಲಿ ಎಲ್ಲರೂ ಮಾಡಿಸುವುದು ಅಷ್ಟೇ. ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ ಅಂತ. ಸಹಿ ಹಾಕುವಾಗ ನನಗೆ ನಗು ಬಂತು. ಕಾಯಿ ಅಟ್ಟಕ್ಕೆ ಹಾಕಿದರೆ ಹನ್ನೊಂದು ತಿಂಗಳು. ಈ ಸಲ ಅಟ್ಟ ಹತ್ತಿದವಳು ನಾನು. ವಕೀಲೆಯಾಗಿರುವ ಗೆಳತಿ ಇನ್ನೊಂದು ಲೆಕ್ಕ ಹೇಳಿದಳು: ಇಬ್ಬರೂ ಒಪ್ಪಿ ವಿಚ್ಛೇದನಕ್ಕೆ ಅರ್ಜಿ ಹಾಕಬೇಕಾದರೆ ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು. ಒಂದು ತಿಂಗಳು ಕಡಿಮೆ ಬೀಳುತ್ತದೆ. ಬೇಕೆಂದೇ ಮಾಡಿದ್ದಲ್ಲ.

ಶನಿವಾರ ಅವನು ಬರುತ್ತಾನೆ. ಮಗಳನ್ನು ಪಾರ್ಕಿಗೆ ಕರೆದೊಯ್ಯುತ್ತಾನೆ, ಬಂದು ಮೂವರೂ ಊಟ ಮಾಡುತ್ತೇವೆ. ನಾನು "ಏನಾಯ್ತು" ಅಂತ ಕೇಳುವುದನ್ನು ಪೂರ್ತಿ ಬಿಟ್ಟಿದ್ದೇನೆ. ನನ್ನ ವಾರದಲ್ಲಿ ಏನಾಯಿತು ಅಂತ ಹೇಳುತ್ತೇನೆ. ಹೇಳಿ ಮುಗಿಸಿ ತಟ್ಟೆ ಎತ್ತುತ್ತೇನೆ. ಮೊದಲ ಎರಡು ತಿಂಗಳು ಅದರ ನಂತರದ ಮೌನದಲ್ಲಿ ಕೈ ನಡುಗುತ್ತಿತ್ತು. ಈಗ ಇಲ್ಲ. ರಾತ್ರಿ ಅವನು ಹೋದ ಮೇಲೆ ಮನೆ ಹಗುರವಾಗಿರುತ್ತದೆ, ಅದನ್ನು ಒಪ್ಪಿಕೊಳ್ಳುವುದಕ್ಕೆ ಸಂಕಟವೂ ಆಗುತ್ತದೆ. ಮಗಳು ಒಂದು ದಿನ "ಅಪ್ಪಂಗೆ ಮಾತು ಒಳಗೆ ಸಿಕ್ಕಾಕ್ಕೊಳ್ಳುತ್ತೆ ಅಲ್ವಾ ಅಮ್ಮ?" ಅಂದಳು. ಹೌದು ಅಂದೆ. "ನಂಗೂ ಒಂದೊಂದ್ಸಲ" ಅಂದು, ಆಮೇಲೆ ಸ್ಕೂಲಿನಲ್ಲಿ ಯಾರೋ ಅವಳ ರಬ್ಬರ್ ಕದ್ದ ಕಥೆಯನ್ನು ಅರ್ಧ ಗಂಟೆ ಹೇಳಿದಳು.

ಅಕ್ಟೋಬರ್‌ನಲ್ಲಿ ಮಾವನಿಗೆ ಹುಷಾರಿಲ್ಲ ಅಂತ ಮೂವರೂ ಊರಿಗೆ ಹೋದೆವು. ಸಿಗಂದೂರಿಗೆ ಹರಕೆ ಇತ್ತು. ಜುಲೈಯಲ್ಲಿ ಸೇತುವೆ ಉದ್ಘಾಟನೆಯಾಗಿದೆ, ಎರಡೂ ಚಿಲ್ಲರೆ ಕಿಲೋಮೀಟರ್. ಲಾಂಚಿಗೆ ಕಾಯುವ ಸಾಲಿಲ್ಲ, ಕಂಬಿ ಹಿಡಿದು ನಿಲ್ಲುವುದಿಲ್ಲ, ಮೂರು ನಿಮಿಷದಲ್ಲಿ ಆಚೆ. ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಸೇತುವೆಯ ಮಧ್ಯೆ ಕೇಬಲ್ಲುಗಳ ಕೆಳಗೆ ಬಂದಾಗ ಅವನು ರಸ್ತೆ ನೋಡುತ್ತಲೇ, "ಆವತ್ತು ಆಸ್ಪತ್ರೆಯಲ್ಲಿ ನೀನು ಒಳಗೆ ಇದ್ದಾಗ ನಾನು ಕೆಳಗೆ ಪಾರ್ಕಿಂಗಿಗೆ ಹೋಗಿ..." ಅಂದ.

ಎದುರಿನಿಂದ ಬಸ್ಸು ಬಂತು. ದಾಟಿತು. ಸೇತುವೆ ಮುಗಿಯಿತು.

ಹೋಗಿ ಏನು ಮಾಡಿದೆ ಅಂತ ನಾನು ಕೇಳಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ "ಆವತ್ತು" ಅಂದಿದ್ದ. ನೋಟ್‌ಬುಕ್ಕಿದ್ದರೆ ನಕ್ಷತ್ರ ಬರೆಯುತ್ತಿದ್ದೆನೇನೋ; ಅದು ಜಯನಗರದ ಮೇಡಂ ಹತ್ತಿರವೇ ಇದೆ, ವಾಪಸ್ ಕೇಳಿಲ್ಲ. ದೇವಸ್ಥಾನದಲ್ಲಿ ಕೈಮುಗಿದು, ಊಟ ಮಾಡಿ, ಬರುವಾಗ ಅದೇ ಸೇತುವೆ ದಾಟಿದೆವು. ಆಗ ಮಗಳು ಎದ್ದಿದ್ದಳು, ಅವಳದೇ ಮಾತು.

ಮೊನ್ನೆ ಮನೆ ಓನರ್ ಫೋನು ಮಾಡಿದ್ದರು. ಮಾರ್ಚಿಗೆ ಕರಾರು ಮುಗಿಯುತ್ತದೆ, ಮುಂದುವರಿಸುತ್ತೀರಾ, ಇಲ್ಲದಿದ್ದರೆ ಬೇರೆಯವರಿಗೆ ಹೇಳಬೇಕು ಅಂದರು. ಫೆಬ್ರವರಿಯಲ್ಲಿ ಹೇಳುತ್ತೇನೆ ಅಂದಿದ್ದೇನೆ.